ಹಂತ ಎಲ್ಲಿ?

ಪ್ರಶ್ನೆ ಹದಿನಾಲ್ಕು. ನಾಲ್ಕು ಅಂಕ.
ಒಂದು ನಲ್ಲಿ ಮೂರು ತಾಸಿಗೆ ತುಂಬಿಸುವ ತೊಟ್ಟಿಯನ್ನು
ಇನ್ನೊಂದು ಆರು ತಾಸಿಗೆ ಬರಿದು ಮಾಡುತ್ತದೆ.
ಎರಡನ್ನೂ ಒಟ್ಟಿಗೇ ಬಿಟ್ಟರೆ
ತೊಟ್ಟಿ ತುಂಬಲು ಎಷ್ಟು ತಾಸು?

ರೇವತಿ ಬೊಮ್ಮಯ್ಯ ಪಟಗಾರ, ಒಂಬತ್ತನೇ ಬಿ,
ಬರೆದದ್ದು ಒಂದೇ ಸಾಲು:
ಆರು ತಾಸು.
ಕೆಳಗೆ ಖಾಲಿ ಹಾಳೆ, ಇಳಿತದ ಹೊತ್ತಿನ ಕೆಸರಿನ ಹಾಗೆ,
ನುಣ್ಣಗೆ, ಒಂದು ಹೆಜ್ಜೆಯ ಗುರುತೂ ಇಲ್ಲದೆ.

ಉತ್ತರ ಸರಿ. ಕೊಟ್ಟದ್ದು ಒಂದು ಅಂಕ.
ಕೆಂಪು ಶಾಯಿಯಲ್ಲಿ ಕೇಳಿದೆ: ಹಂತ ಎಲ್ಲಿ?

ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆ,
ಬೇಕಾದ ಕಾಲ ಎಕ್ಸ್ ಆಗಿರಲಿ.
ಆಗಿರಲಿ! ಇಡೀ ಗಣಿತದಲ್ಲಿ ನನಗಿಷ್ಟದ ಶಬ್ದ,
ಯಾರೋ ಹಿರಿಯರು ತಲೆಯ ಮೇಲೆ ಕೈಯಿಟ್ಟ ಹಾಗೆ.
ತುಂಬುವುದು ತಾಸಿಗೆ ಮೂರರಲ್ಲೊಂದು,
ಸೋರುವುದು ಆರರಲ್ಲೊಂದು.
ಛೇದ ಸಮ ಮಾಡು: ಆರರಲ್ಲೆರಡು, ಕಳೆ ಒಂದು,
ಉಳಿಯಿತು ಆರರಲ್ಲೊಂದು.
ತಾಸಿಗೆ ಅಷ್ಟಾದರೆ ಇಡೀ ತೊಟ್ಟಿಗೆ ಆರು.
ಸಮಚಿಹ್ನೆಯ ಕೆಳಗೇ ಸಮಚಿಹ್ನೆ,
ನೇರ, ದೋಣಿಗೆ ಹೊಡೆದ ಮೊಳೆಯ ಸಾಲಿನಂತೆ.

ಕರೆದು ಕೇಳಿದರೆ ಹುಡುಗಿ ನೆಲ ನೋಡಿದಳು.
"ಅಪ್ಪ ಜಂತ್ರಡಿ ಕಾಯ್ತಾನೆ ಅಕ್ಕೋರೆ" ಅಂದಳು,
ಅದೇ ಹಂತ ಎಂಬಂತೆ.

ಶನಿವಾರ ಅರ್ಧ ದಿನದ ಶಾಲೆ. ಹೋದೆ.
ಮಾಣಿಕಟ್ಟೆಯ ಗಜನಿ. ಕಟ್ಟೆಯ ಈಚೆ ಕಗ್ಗದ ಪೈರು,
ಆಚೆ ಅಘನಾಶಿನಿ, ನಡುವೆ ಹಲಗೆಯ ಬಾಗಿಲು.
ಉಪ್ಪು ಒಳಗೆ ಬರದಂತೆ ಭರತಕ್ಕೆ ಮುಚ್ಚಿ
ಇಳಿತಕ್ಕೆ ತೆರೆಯುವ ಬೊಮ್ಮಯ್ಯನಿಗೆ ಕೈಗಡಿಯಾರವಿಲ್ಲ.
ಲೆಕ್ಕ ಓದಿ ಹೇಳಿದೆ. ನಕ್ಕು ನಕ್ಕು ಕೆಮ್ಮಿದ.
"ತುಂಬ್ಸೂಕೆ ಬಿಟ್ಟೋನು ಸೋರೂಕೆ ಯಾಕೆ ಬಿಟ್ಟ?
ಬಾಗ್ಲು ಹಾಕೂಕೆ ಮರ್ತನ?"
ಇಪ್ಪತ್ತೆರಡು ವರ್ಷದ ಸೇವೆಯಲ್ಲಿ
ಯಾವ ತರಬೇತಿಯಲ್ಲೂ ಯಾರೂ ಕೇಳದ ಪ್ರಶ್ನೆ.

ಕಟ್ಟೆಯಿಂದ ನದಿಗೆ ಹನ್ನೆರಡು ಕಲ್ಲಿನ ಮೆಟ್ಟಿಲು.
ಕೆಳಗಿನವಕ್ಕೆ ಚಿಪ್ಪು ಹತ್ತಿದೆ, ಮೇಲಿನವಕ್ಕೆ ಪಾಚಿ.
ನೀರು ಆಗಷ್ಟೇ ತಿರುಗಿತ್ತು.
"ಮೊದ್ಲ ತಾಸಿಗೆ ಒಂದು ಮೆಟ್ಲು," ಅಂದ,
"ಎರಡ್ನೇದಕ್ಕೆ ಎರಡು. ಮೂರಕ್ಕೆ ಮೂರು.
ನಾಲ್ಕಕ್ಕೂ ಮೂರೇ. ಐದಕ್ಕೆ ಎರಡು, ಕಡೇದಕ್ಕೆ ಒಂದು.
ಪ್ಯಾಟೆಯಿಂದ ಬರೂ ಮನ್ಷನಂಗೆ.
ಹೊರಡೂಕೆ ತಡ, ನಡು ದಾರೀಲಿ ಓಟ,
ಮನೆ ಕಂಡ್ತು ಅಂದ್ರೆ ಮತ್ತೆ ನಿಧಾನ."

ಬೆರಳಲ್ಲಿ ಕೂಡಿದೆ. ಹನ್ನೆರಡು.
ಕೂತು ನೋಡಿಯೂ ನೋಡಿದೆ:
ಎರಡು ತಾಸಿಗೆ ಮೂರು ಮೆಟ್ಟಿಲು ಮುಳುಗಿದವು,
ಮೂರನೆಯ ತಾಸಿಗೆ ನಾನು ಚಪ್ಪಲಿಯನ್ನು
ಎರಡೆರಡು ಸಲ ಮೇಲಕ್ಕೆತ್ತಿಡಬೇಕಾಯಿತು.

ಆದರೂ ಮಾಸ್ತರಿಕೆಯ ಅನುಮಾನ ಸುಮ್ಮನಿರುವುದಿಲ್ಲ.
ಆರು ಈ ಹುಡುಗಿಗೆ ಲೆಕ್ಕದಿಂದ ಬಂತೋ, ನದಿಯಿಂದಲೋ?
"ಎರಡು ತಾಸಿಗೆ ತುಂಬಿ ಆರು ತಾಸಿಗೆ ಸೋರಿದರೆ?" ಎಂದೆ.
"ಮೂರು," ಅಂದಳು ರೇವತಿ, ಕಣ್ಣು ಮಿಟುಕಿಸದೆ.
"ಆದ್ರೆ ಅಂಥ ನೀರು ನಾ ಕಂಡಿಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ನಲ್ಲಿ ಎಲ್ಲ ತಾಸಿಗೂ ಒಂದೇ ಸಮ ಬಿಡ್ತದೆ
ಅಂತ ಪುಸ್ತಕದಲ್ಲಿ ಎಲ್ಲಿದೆ ಅಕ್ಕೋರೆ?"

ಕುಮಟೆಯ ಬಸ್ಸಿನಲ್ಲಿ, ಮಂಕು ದೀಪದಲ್ಲಿ,
ಅಧ್ಯಾಯ ಪೂರ್ತಿ ಹುಡುಕಿದೆ.
ಎಲ್ಲೂ ಇರಲಿಲ್ಲ.

ಅರ್ಧವಾರ್ಷಿಕದಲ್ಲಿ ತೊಟ್ಟಿ ಮತ್ತೆ ಬಂತು.
ಈ ಸಲ ಅವಳ ಹಾಳೆಯಲ್ಲಿ ಎಲ್ಲ ಹಂತಗಳೂ ಇದ್ದವು,
ಛೇದ, ಸಮಚಿಹ್ನೆ, ಉತ್ತರಕ್ಕೆ ಅಡಿಗೆರೆ.
ಎಲ್ಲಕ್ಕೂ ಮೇಲೆ, ಎಕ್ಸ್‌ಗಿಂತಲೂ ಮೊದಲು, ಒಂದು ಸಾಲು:
ತೊಟ್ಟಿಯು ನದಿಯಲ್ಲ, ಆಗಿರಲಿ.

ಉತ್ತರಸೂಚಿಯಲ್ಲಿ ಆ ಸಾಲಿಗೆ ಅಂಕವಿಲ್ಲ.
ನಾಲ್ಕಕ್ಕೆ ನಾಲ್ಕು ಕೊಟ್ಟಾಗಿದೆ.
ಪೆನ್ನಿಗೆ ಇನ್ನೂ ಮುಚ್ಚಳ ಹಾಕಿಲ್ಲ.