ಓಡುವ ಗುಳ್ಳೆ

ಮೊದಲು ಬೆಲೆ ಹೇಳಿಬಿಡುತ್ತೇನೆ: ಇದಕ್ಕೆ ನಾನೂರು.
ಚೌಕಾಸಿ ಮಾಡುವುದಾದರೆ ಇಳಿದು ಬನ್ನಿ,
ಕಾರಿನ ಕಿಟಕಿಯಿಂದಲ್ಲ.
ನೇರಳೆಯದು ಅಮೆಥಿಸ್ಟ್, ಹಸಿರಿನದು ಪ್ರೆಹ್ನೈಟ್,
ಈ ಮಿರಮಿರ ಹಾಳೆ ಬರೀ ಕಾಗೆಬಂಗಾರ,
ಮಕ್ಕಳಿಗೆ ಪುಕ್ಕಟೆ.

ಅಗೆಯುವವನು ನನ್ನ ತಮ್ಮ ಎರಾಸ್ಟುಸ್.
ಊಯಿಸ್‌ನ ತವರದ ಗಣಿ ಮುಚ್ಚಿದಾಗ
ಅಪ್ಪ ಮನೆಗೆ ತಂದ ಉಳಿ, ಸುತ್ತಿಗೆ,
ಎರಡೇ ಅವನ ಆಸ್ತಿ.
ಕತ್ತೆಗಾಡಿಯಲ್ಲಿ ಎರಡು ದಿನ ಹೋದರೆ ಗೊಬೊಬೊಸೆಬ್ ಬೆಟ್ಟ.
ಅಲ್ಲಿ ನೆರಳೆಂದರೆ ಕತ್ತೆಯದೇ,
ಅದೂ ನಿಂತಲ್ಲಿ ನಿಲ್ಲದು.

ಕಗ್ಗಲ್ಲಿಗೆ ಕಿವಿಯಿಟ್ಟು ತಟ್ಟುತ್ತಾನೆ
ಕಲ್ಲಂಗಡಿ ಕೊಳ್ಳುವವರ ಹಾಗೆ.
ಠಣ್ ಎಂದರೆ ಗಟ್ಟಿ, ಬಿಟ್ಟುಬಿಡು.
ಡಬ್ ಎಂದರೆ ಒಳಗೊಂದು ಮನೆ.

ಕಳೆದ ಚಳಿಗಾಲ ಬಂದಿದ್ದ ಭೂವಿಜ್ಞಾನದ ಹುಡುಗಿ
ನನ್ನ ಚಹಾ ಕುಡಿದು, ಮರಳಲ್ಲಿ ಬೆರಳಿಂದ ಬರೆದು ತೋರಿಸಿದಳು:
ಹದಿಮೂರು ಕೋಟಿ ವರ್ಷದ ಹಿಂದೆ
ನೆಲ ಸೀಳಿ ಲಾವಾ ಉಕ್ಕಿತಂತೆ,
ಗಂಜಿ ಕುದಿವಾಗ ಏಳುವ ಹಾಗೆ ಗುಳ್ಳೆ ಎದ್ದವಂತೆ,
ಒಡೆಯುವ ಮೊದಲೇ ಆರಿ ಕಲ್ಲಾದವಂತೆ.
ಆ ಖಾಲಿಗೆ ಎಲ್ಲಿಂದಲೋ ಬಿಸಿನೀರು ಬಂತು,
ಗೋಡೆಗೆ ಹರಳು ಬೆಳೆಸಿ ಹೋಯಿತು.
ಬೆಟ್ಟದ ಇನ್ನೊಂದು ತುಂಡು ಕಡಲಾಚೆ ಬ್ರೆಜಿಲ್‌ನಲ್ಲಿದೆ ಅಂದಳು.
ಗಾಳಿ ಬೀಸಿತು. ಅವಳು ಬರೆದ ಸೊನ್ನೆಗಳೆಲ್ಲ ಅಳಿಸಿದವು.
ಅಲ್ಲಿ ಕೆಜಿಗೆ ಎಷ್ಟು? ಕೇಳಿದೆ.
ಗೊತ್ತಿರಲಿಲ್ಲ ಅವಳಿಗೆ.

ಆಗಸ್ಟಿನಲ್ಲಿ ಎರಾಸ್ಟುಸ್ ಒಂದು ಹರಳು ತಂದ
ಕಾಲ್ಚೀಲದಲ್ಲಿ ಸುತ್ತಿ, ಎದೆಯ ಜೇಬಿನಲ್ಲಿ.
ಹೆಬ್ಬೆರಳುದ್ದ. ತುದಿ ನೇರಳೆ, ಬುಡ ಹೊಗೆ.
ಓರೆ ಮಾಡಿದರೆ ಒಳಗೊಂದು ಗುಳ್ಳೆ
ಆ ತುದಿಯಿಂದ ಈ ತುದಿಗೆ ಓಡುತ್ತಿತ್ತು,
ಗಾರೆಯವನ ರಸಮಟ್ಟದಲ್ಲಿ ಓಡುವಂತೆ.
"ನೀರು" ಅಂದ. ಅಷ್ಟೇ.
ಹಲ್ಲಿಗೆ ಅಂಟಿದ ಮರಳನ್ನು ಅವನಿನ್ನೂ ಉಗಿದಿರಲಿಲ್ಲ.

ನಮ್ಮ ಬೋರ್‌ವೆಲ್ ಆಗ ಕೆಟ್ಟಿತ್ತು. ಈಗಲೂ ಕೆಟ್ಟಿದೆ.
ಟ್ಯಾಂಕರಿನವನು ಶುಕ್ರವಾರ ಅಂದಿದ್ದ,
ಯಾವ ಶುಕ್ರವಾರ ಅಂತ ಹೇಳಿರಲಿಲ್ಲ.

ಎರಡು ಸಾವಿರಕ್ಕೆ ಒಪ್ಪಿದ್ದ ಜರ್ಮನಿಯವನು
ಸ್ವಾಕೊಪ್ಮುಂಡ್‌ನಿಂದ ಮಧ್ಯಾಹ್ನ ಬರುತ್ತೇನೆಂದ.
ಕಣ್ಣಿಗೆ ಬೀಳಲೆಂದು ಟೇಬಲ್ಲಿನ ತುದಿಗಿಟ್ಟೆ,
ಬಿಸಿಲಿಗೆ.
ತಪ್ಪು ನನ್ನದೇ.

ಟಿಕ್.
ನೊಣ ಕೂತಷ್ಟು ಸದ್ದು.
ಹಾಸಿದ ಬಟ್ಟೆಯ ಮೇಲೆ ಅಂಗಿಯ ಗುಂಡಿಯಷ್ಟಗಲ ಒದ್ದೆ.
ನಾನು ಬಾಯಿ ತೆರೆಯುವಷ್ಟರಲ್ಲಿ
ಮಗಳು ಲುಕ್ರೇಸಿಯಾ ಬೆರಳೊತ್ತಿ ನಾಲಿಗೆಗಿಟ್ಟಿದ್ದಳು.
ಬೈಯಬೇಕಿತ್ತು. "ಹೇಗಿದೆ?" ಎಂದೆ.
ಯೋಚಿಸಿದಳು.
"ಉಪ್ಪುಪ್ಪು. ಮಾಮನ ಕತ್ತಿನ ಹಾಗೆ."

ಒದ್ದೆ ಆರಲು ಎಷ್ಟು ಹೊತ್ತು?
ಹದಿಮೂರು ಕೋಟಿ ಬರೆಯಲು ಬಾರದವಳು ನಾನು,
ಒಂಬತ್ತರವರೆಗೆ ಎಣಿಸಿದೆ.

ಜರ್ಮನಿಯವನು ಬಂದ, ಬಿರುಕು ನೋಡಿದ,
ಮುನ್ನೂರು ಅಂದ.
ಕೊಡಲಿಲ್ಲ. ಯಾಕೆಂದು ಎರಾಸ್ಟುಸ್ ಇನ್ನೂ ಕೇಳುತ್ತಾನೆ.

ಇದೇ ಅದು. ಬೆಳಕಿಗೆ ಹಿಡಿಯಿರಿ,
ಬಿರುಕಿನಲ್ಲೊಂದು ಚೂರು ಕಾಮನಬಿಲ್ಲು ಇದೆ.
ಒಳಗೆ ಏನೂ ಓಡುವುದಿಲ್ಲ,
ಆಮೇಲೆ ಮೋಸ ಅನ್ನಬೇಡಿ.
ಸರಿ, ನಾನೂರೂ ಬೇಡ.
ಮುನ್ನೂರೈವತ್ತು,
ಮತ್ತೆ ಹಿಂದಿನ ಸೀಟಿನಲ್ಲಿರುವ
ಆ ಐದು ಲೀಟರಿನ ಕ್ಯಾನು.