ಇಪ್ಪತ್ತಮೂರನೆಯ ಪ್ರಶ್ನೆ

ಜ್ಞಾನಭಾರತಿಯ ಹಾಸ್ಟೆಲಿಗೆ ಶಹೀನಾ
ನಲವತ್ತು ಪ್ರಶ್ನೆಗಳ ಹಾಳೆ ತಂದಿದ್ದಾಳೆ.
ಅವಳ ಪ್ರಬಂಧಕ್ಕೆ ಇನ್ನೂರು ಮಂದಿ ಬೇಕು,
ನೂರತೊಂಬತ್ತೊಂಬತ್ತು ಸಿಕ್ಕಿದ್ದಾರೆ.
‘ಹೆಸರು ಬರೀಬೇಡ, ನಿಜ ಬರಿ’ ಅಂತ
ಪೆನ್ನು ಕೊಟ್ಟು ಬಟ್ಟೆ ಒಗೆಯಲು ಹೋದಳು.

ಹೆಸರಿಲ್ಲದೆ ನಿಜ ಬರೆಯುವುದು ಸುಲಭ ಅಂದುಕೊಂಡಿದ್ದೆ.

‘ನಾಲ್ಕು ಜನರಿದ್ದರೆ ನನಗೆ ಹುರುಪು.’
ಪೂರ್ತಿ ಒಪ್ಪುವೆ, ಒಪ್ಪುವೆ, ಹೇಳಲಾರೆ, ಒಪ್ಪೆ, ಖಂಡಿತ ಒಪ್ಪೆ.
ಐದು ಪುಟ್ಟ ಚೌಕ, ಬಾಡಿಗೆ ಕೋಣೆಗಳ ಹಾಗೆ.
ಯಾವುದರಲ್ಲಿ ಇಳಿದುಕೊಳ್ಳಲಿ?
ಕ್ಯಾಂಟೀನಿನಲ್ಲಿ ನನ್ನದು ಮೂಲೆ ಮೇಜು,
ಗ್ರೂಪಿನಲ್ಲಿ ಮಾತ್ರ ಮಾತಿನ ಮಲ್ಲಿ.
ನಾನು ಕಳಿಸಿದ ಜೋಕಿಗೆ ಎದುರು ಬೆಂಚಿನಲ್ಲೇ
ತಿಪ್ಪೇಶ ಬಿದ್ದು ಬಿದ್ದು ನಗುತ್ತಾನೆ,
ತಲೆ ಎತ್ತಿ ನನ್ನನ್ನು ನೋಡುವುದಿಲ್ಲ.
ನಾನೂ ಅಷ್ಟೆ,
ನಗುವ ಮುಖವೊಂದನ್ನು ಒತ್ತಿ ಕಳಿಸುತ್ತೇನೆ.

ಪಕ್ಕದ ರೂಮಿನ ಮೇಬಲ್ ಬೇರೆ ಜಾತಿಯ ಹಕ್ಕಿ.
ಪುಸ್ತಕಕ್ಕೆ ರಟ್ಟು, ಆರಕ್ಕೆ ಎದ್ದು ಓಟ;
ಅವಳ ಫೋನು ಚೀಲದ ತಳದಲ್ಲಿ
ಉಪ್ಪಿನಕಾಯಿ ಡಬ್ಬಿಯ ಕೆಳಗೆ ಸತ್ತು ಬಿದ್ದಿರುತ್ತದೆ.
‘ಊಟ ಮಾಡಿದಳಾ ಮಗಾ?’ ಎಂದು
ಅವಳಮ್ಮ ಕರೆ ಮಾಡುವುದು ನನಗೆ.
ಮೊದಲ ರಿಂಗಿಗೇ ಎತ್ತುವವಳು ನಾನೊಬ್ಬಳೇ ಅಂತೆ.

ಹದಿನೇಳು: ‘ಸಣ್ಣದಕ್ಕೂ ಗಾಬರಿಯಾಗುತ್ತೇನೆ.’
ಇದಕ್ಕೆ ಐದು ಚೌಕ ಸಾಲದು.
ನೀಲಿ ಗೆರೆ ಮೂಡಿಯೂ ಉತ್ತರ ಬಾರದ ಸಂಜೆ
ಮೆಜೆಸ್ಟಿಕ್ಕಿನಿಂದ ನಿಂತೇ ಬರುವ ಬಸ್ಸಿನಲ್ಲಿ
ಒಂದು ಕೈ ಕಂಬಿಗೆ, ಇನ್ನೊಂದು ಇದಕ್ಕೆ,
ಏನಂದೆ, ತಪ್ಪೇನಂದೆ ಎಂದು
ಹಳೆಯ ಮಾತನ್ನು ಮೇಲಕ್ಕೂ ಕೆಳಕ್ಕೂ ತಿಕ್ಕುತ್ತ,
ನನ್ನ ಸ್ಟಾಪು ದಾಟಿದ್ದು
ಕಂಡಕ್ಟರ್ ಬೈದಾಗಲೇ ತಿಳಿದದ್ದು.

ಇಪ್ಪತ್ತಮೂರು: ‘ದಿನಕ್ಕೆ ಎಷ್ಟು ಗಂಟೆ?’
ಫೋನನ್ನೇ ಕೇಳಿದೆ. ಅದಕ್ಕೆ ದಾಕ್ಷಿಣ್ಯವಿಲ್ಲ:
ಏಳು ಗಂಟೆ ನಲವತ್ತೊಂದು ನಿಮಿಷ.
ಮೂರು ಅಂತ ಬರೆದೆ. ಹೊಡೆದು ಹಾಕಿದೆ.
ನಾಲ್ಕು. ಅದನ್ನೂ.
ಖಾಲಿ ಬಿಟ್ಟೆ.

ರಾತ್ರಿ ಒಂದೂವರೆ. ಶಹೀನಾ ಹಾಸಿಗೆಯಲ್ಲಿ
ಇಷ್ಟೂ ಜನರ ಸ್ವಭಾವವನ್ನು
ಒಂದರಿಂದ ಐದರೊಳಗಿನ ಅಂಕಿ ಮಾಡಿ
ಫೋನಿಗೇ ತುಂಬುತ್ತಿದ್ದಾಳೆ.
ಮುಖದ ಮೇಲೆ ಹಿಟ್ಟು ಚೆಲ್ಲಿದಂಥ ಬೆಳಕು.
ನಡುನಡುವೆ ಬೇರೆಲ್ಲೋ ಹೋಗಿ
ಸದ್ದಿಲ್ಲದೆ ನಕ್ಕು ವಾಪಸ್ಸಾಗುತ್ತಾಳೆ.

‘ಇಪ್ಪತ್ತಮೂರು ಖಾಲಿ ಇದೆ ಕಣೇ,
ಹೀಗಾದ್ರೆ ನಿನ್ನನ್ನ ಲೆಕ್ಕದಿಂದ ತೆಗೀಬೇಕು.’
ಮೂರಡಿ ದೂರದಿಂದ ಮೆಸೇಜಾಗಿ ಬಂತು.
ಓದಿದೆ. ನೀಲಿ ಗೆರೆ ಅವಳಿಗೆ ಕಂಡಿರಬೇಕು,
ಮಗ್ಗುಲಾಗಿ ಕಾದಳು.
ಬರೆದೆ, ಅಳಿಸಿದೆ, ಬರೆದೆ.

ಆಮೇಲೆ ಗಂಟಲು ಸರಿಮಾಡಿಕೊಂಡು
‘ನಿಂದೆಷ್ಟು?’ ಅಂದೆ,
ಬಾಯಿಬಿಟ್ಟು, ಕತ್ತಲೆಗೆ.