ಉದ್ರಿ ಪುಸ್ತಕ

ಲರ್ವಿಕ್ ಬಂದರು. ಬೆಳಿಗ್ಗೆ
ಇಂಗಾಳ ಬೇಕರಿಯ ಕಾರ್ಡ್ ಯಂತ್ರ ಮೂಕವಾಯಿತು.
ಊರಿಗೆ ಊರನ್ನೇ ಉದ್ರಿ ಬರೆದುಕೊಂಡಳು, ಪೆನ್ಸಿಲಿನಲ್ಲಿ.

ಕಡಲ ತಳದಲ್ಲಿ, ಕೇಬಲ್ ತುಂಡಾದಲ್ಲಿ,
ಲಂಗರು ಎಳೆದ ಗೆರೆ: ಉತ್ತ ಸಾಲಿನಷ್ಟು ನೇರ,
ಬಿತ್ತಿದವರಿಲ್ಲ.

ಹಡಗು ಆಚೆ ನಿಂತಿದೆ.
ಬಾವುಟ ಒಂದು ದೇಶದ್ದು, ಒಡೆಯ ಇನ್ನೊಂದರವ;
ಕಪ್ತಾನ ಗಾಳಿಯ ಮೇಲೆ ಹಾಕುತ್ತಾನೆ.
ಗಾಳಿಯನ್ನು ಕಟಕಟೆಗೆ ಕರೆಯುವುದು ಹೇಗೆ?

"ಹತ್ತಿ ಹಿಡಿಯಿರಿ" ಎಂದ ಲೌರಿ, ಬಲೆ ಹೊಲಿಯುತ್ತ.
ತುಸು ತಡೆದು: "ನನ್ನ ಬಲೆಯೂ ಒಮ್ಮೆ ಅದನ್ನು ಕಚ್ಚಿತ್ತು.
ನಾನು ಹೇಳಿರಲಿಲ್ಲ."

ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ.
ಕಾಣದ್ದನ್ನು?
ಕಾವಲು ದೋಣಿ ಹೊರಟಿತು: ಫಿರಂಗಿಯ ಬಾಯಿಗೆ ಮುಸುಕು,
ಒಳಗೊಬ್ಬ ಮುಳುಗುಗಾರ, ಅಳತೆಪಟ್ಟಿ,
ಲಂಗರಿನ ಕೊಕ್ಕೆಯಲ್ಲಿ ತಾಮ್ರದ ಚೂರು ಹುಡುಕಲು.

ಇಂಗಾ ಉದ್ರಿ ಪುಸ್ತಕ ಮುಚ್ಚಿಲ್ಲ.
ಹಡಗಿನ ಹೆಸರಿಗೊಂದು ಪುಟ ಬಿಟ್ಟಿದ್ದಾಳೆ.